ಅಜ್ಜನ ಡಬ್ಬಿಯ ಮುಚ್ಚಳ

ವಿಮಾನ ನೆಲ ಬಿಡುವ ಮುನ್ನ ಎದೆಯ ಮೇಲೊಂದು ಶಿಲುಬೆ ಗುರುತು ಹಾಕಿಕೊಳ್ಳುವುದನ್ನು ಕ್ಯಾಪ್ಟನ್ ಸೋಲ್ವೇಗ್ ಒಂದು ದಿನವೂ ತಪ್ಪಿಸಿದವಳಲ್ಲ. ರೇಕ್ಯಾವಿಕ್‌ನಲ್ಲಿ ಇಂದೂ ಹಾಕಿಕೊಂಡಿದ್ದಳು. ಆದರೆ ಆ ಪ್ರಾರ್ಥನೆಯಲ್ಲಿ ಮೂಗಿನ ವಿಷಯ ಸೇರಿಸಿರಲಿಲ್ಲ. ಈಗ ವಿಮಾನ ಮೋಡಗಳ ಮೇಲಿತ್ತು.

ಸೋಲ್ವೇಗ್: ಏನೂ ವಾಸನೆ ಇಲ್ವಾ? ನನ್ನ ಮೂಗೇನು ಬಾಡಿಗೆಗೆ ತಂದಿದ್ದಾ?

ಬೆರ್ಸಿ: ಶೌಚಾಲಯದ್ದಿರಬೇಕು, ಕ್ಯಾಪ್ಟನ್.

ಸೋಲ್ವೇಗ್: ಅದಿರೋದು ಬಾಲದ ಹತ್ರ.

ಬೆರ್ಸಿ: ಹಾಗಾದ್ರೆ ನನ್ನ ಸಾಕ್ಸು.

ಸೋಲ್ವೇಗ್: ನಿನ್ನ ಸಾಕ್ಸು ನಂಗೆ ವರ್ಷಗಳಿಂದ ಪರಿಚಯ. ಪಾಪ, ಅವು ಇಷ್ಟು ಕೆಟ್ಟವಲ್ಲ. ಅಜ್ಜನ ಶಾರ್ಕ್ ತಂದಿದ್ದೀಯಾ?

ಸಹ ಪೈಲಟ್ ಬೆರ್ಸಿ ಹಿಮ್ಮಡಿಯಿಂದ ಡಬ್ಬಿಯಿದ್ದ ಚೀಲವನ್ನು ಸೀಟಿನಡಿಗೆ ತಳ್ಳಿದ. ಸಂಜೆ ಅವನ ಊರಲ್ಲಿ ನಡುಚಳಿಗಾಲದ ಹಬ್ಬದೂಟ. ಅವನ ಅಜ್ಜ ತಿಂಗಳುಗಟ್ಟಲೆ ಕೊಳೆಸಿ ಒಣಗಿಸಿ ಕೊಡುವ ಶಾರ್ಕ್ ಮೀನಿಲ್ಲದೆ ಆ ಊಟಕ್ಕೆ ಮರ್ಯಾದೆಯಿಲ್ಲ. ಅದನ್ನು ಕಾಕ್‌ಪಿಟ್ಟಿಗೆ ತಂದರೆ ಇನ್ನು ನಿನ್ನ ಜೊತೆ ಹಾರುವುದಿಲ್ಲ ಎಂದು ಸೋಲ್ವೇಗ್ ಹಿಂದೆಯೇ ಹೇಳಿದ್ದಳು.

ಬೆರ್ಸಿ: ಛೇ ಛೇ, ಶಾರ್ಕಾ? ನಾನಾ?

ಅಷ್ಟರಲ್ಲಿ ಹಿಂದಿನಿಂದ ಗಗನಸಖಿ ಡಾಗ್ನಿಯ ಕರೆ ಬಂತು.

ಡಾಗ್ನಿ: ಎಲ್ರೂ ಕಿವಿ ಕಟ್ತಿದೆ ಅಂತಿದ್ದಾರೆ.

ಬೆರ್ಸಿ: ಪುಣ್ಯವಂತರು! ನಮಗೆ ಮೂಗೂ ಕಟ್ಟಿಲ್ಲ.

ಹೇಳಿ ಕಿಸಕ್ಕನೆ ನಕ್ಕ. ನಗುತ್ತಲೇ ಹೋದ.

ಸೋಲ್ವೇಗ್: ಅಷ್ಟೊಂದು ನಗೋದೇನಿದೆಯೋ ಇದರಲ್ಲಿ?

ಬೆರ್ಸಿ: ಗೊತ್ತಿಲ್ಲ. ತಾನಾಗೇ ಬರ್ತಿದೆ.

ಸೋಲ್ವೇಗ್‌ಗೆ ಆ ನಗು ಸರಿಬೀಳಲಿಲ್ಲ.

ಸೋಲ್ವೇಗ್: ಬೈಯೋದು ಆಮೇಲೆ. ನಿಜ ಹೇಳು, ಡಬ್ಬಿ ಮುಚ್ಚಳ ಸರಿಯಾಗಿ ಹಾಕಿರ್ಲಿಲ್ವಾ?

ಬೆರ್ಸಿ: ಹಾಕದೆ ಏನು? ಮೇಲೆ ನಾನೇ ಕೂತು ಒತ್ತಿದ್ದೆ! ಪ್ರತಿ ವರ್ಷ ತರ್ತೀನಿ, ಒಂದು ಸಲಾನೂ ಬಿಚ್ಚಿಕೊಂಡಿಲ್ಲ…

ಸೋಲ್ವೇಗ್: ಪ್ರತಿ ವರ್ಷ?

ಬೆರ್ಸಿ: …ಇವತ್ತೇ ಠಪ್ ಅಂತ ಹಾರ್ತು.

ಸೋಲ್ವೇಗ್‌ಳ ಕಣ್ಣು ತಟ್ಟನೆ ಒತ್ತಡದ ಮಾಪಕದತ್ತ ಹೋಯಿತು. ಒಳಗಿನ ಗಾಳಿಯ ಒತ್ತಡ ಇಳಿಯುತ್ತಲೇ ಇತ್ತು. ಆಗ ಕೆಂಪು ದೀಪವೂ ಹೊತ್ತಿಕೊಂಡಿತು.

ಸೋಲ್ವೇಗ್: ಮುಚ್ಚಳ ಹಾರಿಸಿದ್ದು ಮೀನಲ್ಲ ಕಣೋ, ಇಳೀತಿರೋ ಒತ್ತಡ! ನಿನ್ನ ನಗೂ ಆಮ್ಲಜನಕ ಸಾಲದ್ದಕ್ಕೇ! ಮಾಸ್ಕ್ ಹಾಕು!

ಇಬ್ಬರೂ ಆಮ್ಲಜನಕದ ಮಾಸ್ಕ್ ಏರಿಸಿಕೊಂಡರು. ಹಿಂದೆ ಪ್ರಯಾಣಿಕರ ಮುಂದೆಯೂ ಮಾಸ್ಕುಗಳು ಇಳಿಬಿದ್ದವು. ಸೋಲ್ವೇಗ್ ವಿಮಾನದ ಮೂತಿಯನ್ನು ಕೆಳಕ್ಕೆ ಬಗ್ಗಿಸಿದಳು.

ಸೋಲ್ವೇಗ್: ನಾನು ಇಳಿಸ್ತೀನಿ. ನೀನು ಕಂಟ್ರೋಲ್‌ಗೆ ಹೇಳು.

ಬೆರ್ಸಿ: ಶಾರ್ಕ್ ವಿಷಯಾನಾ?

ಸೋಲ್ವೇಗ್: ಒತ್ತಡದ ವಿಷಯ, ಮಾರಾಯ!

ಮೋಡ ದಾಟಿ, ಬರಿಗಾಳಿಯಲ್ಲೇ ಉಸಿರಾಡಬಹುದಾದ ಎತ್ತರಕ್ಕೆ ಬಂದಾಗ ಬೆರ್ಸಿಯ ನಗು ನಿಂತಿತ್ತು. ಡಾಗ್ನಿ ಕರೆ ಮಾಡಿ ಎಲ್ಲರೂ ಕ್ಷೇಮ ಎಂದಳು.

ಬೆರ್ಸಿ: ಇನ್ನು ಮಾಸ್ಕ್ ತೆಗೀಬಹುದು, ಕ್ಯಾಪ್ಟನ್.

ಸೋಲ್ವೇಗ್: ಮೊದಲು ಡಬ್ಬಿ ಮುಚ್ಚು.

ಚಕ್ರಗಳು ನೆಲ ಮುಟ್ಟಿ, ಎಂಜಿನ್ನುಗಳು ಸುಮ್ಮನಾದವು. ಸೋಲ್ವೇಗ್ ಕಣ್ಣು ಮುಚ್ಚಿ ಮತ್ತೊಮ್ಮೆ ಶಿಲುಬೆ ಗುರುತು ಹಾಕಿಕೊಂಡಳು. ಕಣ್ಣು ತೆರೆದರೆ, ಮೂಗಿನ ಮುಂದೆಯೇ ಡಬ್ಬಿ.

ಬೆರ್ಸಿ: ಎಷ್ಟಾದ್ರೂ ನಮ್ಮನ್ನ ಉಳಿಸಿದ್ದು ಅಜ್ಜನ ಶಾರ್ಕ್. ಹಬ್ಬದ ಮೊದಲ ತುಂಡು ನಿಮಗೇ.

ಸೋಲ್ವೇಗ್: ಉಳಿಸಿದವನಿಗೆ ಆಗ್ಲೇ ವಂದನೆ ಹೇಳಾಯ್ತು. ತುಂಡು ಬೇಡಪ್ಪ, ಹೋಗ್ತಿದ್ದ ಜೀವ ಈಗಷ್ಟೇ ವಾಪಸ್ ಬಂದಿದೆ!