ಹನ್ನೊಂದು ಗಂಟಿ ಚಕ್ಕರ

ಸಿಂದಗಿ ಬಸ್‌ಸ್ಟ್ಯಾಂಡ್ ಎದುರಿನ ಔಷಧ ಅಂಗಡಿ ಅರುಣಕುಮಾರ ಆವತ್ತ ಪಣಾನ ತೊಟ್ಟಬಿಟ್ಟ. "ಇನ್ನ ಮ್ಯಾಲೆ ನಮ್ಮಲ್ಲಿ ಸಕ್ಕರಿ ಕಾಯಿಲೆ ಗುಳಿಗಿ ತಗೊಂಡವ್ರಿಗೆ ಏನರ ತ್ರಾಸ ಆತಂದ್ರ, ಅವ್ರಿಗಿಂತ ಮೊದ್ಲ ನನಗ ಗೊತ್ತಾಗಬೇಕು!"

"ಅವ್ರ ಮೈಯಾಗ ಹೋಗಿ ಕುಂಡ್ರತೀರೇನ್ರಿ?" ಅಂದ್ಲು ಹೆಂಡತಿ ಸಂಘಮಿತ್ರಾ.

ಬರಿಯಾಕ ದಪ್ಪನ ವಹಿ ಬಂತು, ಇಪ್ಪತ್ತೆರಡು ಹೆಸರು ಬಿದ್ದವು. ದಿನಾ ಮುಂಜಾನೆ ಎಂಟಕ್ಕ ಫೋನ್ ಸುರು. ಹೊಟ್ಟಿ ಉಬ್ಬರಾ? ಬೆವರಾ? ಚಕ್ಕರಾ? ಪಟ್ಟಿಯೊಳಗ ಮೊದಲನೇದಾಕಿ ಎಪ್ಪತ್ತು ದಾಟಿದ ಹನಮವ್ವ ಆಯಿ. "ಏನೂ ಇಲ್ರಿ ಡಾಕ್ಟರ್ರ, ಆರಾಮ ಅದೀನ್ರಿ." ಔಷಧ ಮಾರಾವಗೂ ಡಾಕ್ಟರ್ ಅನ್ನೂದು ಊರಿನ ರೂಢಿ. ಬ್ಯಾಡ ಅನ್ನೂದು ಅರುಣಕುಮಾರನ ರೂಢಿ ಅಲ್ಲ.

ವಯಸ್ಸಾದಾಕಿ, ನಿವಾಂತ ಮಾತಾಡೂಣು ಅಂತ ಒಂದಿನ ಆಕಿ ಹೆಸರ ಕಡೀಕ ಹಾಕಿದ. ಅಲ್ಲಿಗೆ ಹತ್ತಿತು ನೋಡ್ರಿ ಗ್ರಹಚಾರ.

"ತಲಿ ತಿರಗಿ ಚಕ್ಕರ ಬರಾಕತ್ತೈತ್ರಿ," ಅಂದ್ಲು ಆಯಿ ಮರುದಿನ. "ಕೈ ನಡಗತಾವು, ಬೆವರ ಇಳೀತೈತಿ."

ಅರುಣಕುಮಾರ ಪೆನ್ನ ಬಿಟ್ಟು ಎದ್ದ ನಿಂತ. ಸಕ್ಕರಿ ಪಾತಾಳಕ್ಕ ಇಳಿಯೂ ಲಕ್ಷಣ ಅದು. ಆದ್ರ ಅದ ಗುಳಿಗಿ, ಅದ ಡೋಸು, ಎರಡ ವರ್ಷದಿಂದ ಏನೂ ಆಗಿಲ್ಲ.

"ಗುಳಿಗಿ ಊಟಕ್ಕಿಂತ ಮೊದ್ಲ ತಗೋತಿ ಹೌದಿಲ್ಲೊ ಆಯಿ?"

"ಹೌದ್ರಿ, ಬರೋಬ್ಬರಿ ಎಂಟಕ್ಕ."

"ಆಮ್ಯಾಲೆ ರೊಟ್ಟಿ?"

"ಉಣತೇನ್ರಿ."

ಎಲ್ಲಾ ಸರಿ ಐತಿ. ಮತ್ತ ಚಕ್ಕರ ಯಾಕ? ಒಂದೂ ತಿಳೀಲಿಲ್ಲ. ಗಾಬರಿಗೆ ಉಳಿದವ್ರಿಗೂ ಪ್ರಶ್ನಿ ಹೆಚ್ಚ ಮಾಡಿದ. ಪಟ್ಟಿಯೊಳಗಿನ ಮನಗೂಳಿ ಮುಕ್ತಾರ ಒಬ್ಬಾಂವಗ ಅರ್ಧ ತಾಸ ಹಿಡೀತು. ಹತ್ತಕ್ಕ ಬರ್ತಿದ್ದ ಆಯಿ ಪಾಳಿ ಹನ್ನೊಂದಕ್ಕ ಹೋತು. ಆಕಿ ಚಕ್ಕರ ಹೆಚ್ಚಾದಂಗ ಇವನ ಪ್ರಶ್ನಿ ಹೆಚ್ಚಾದವು, ಇವನ ಪ್ರಶ್ನಿ ಹೆಚ್ಚಾದಂಗ ಆಕಿ ಚಕ್ಕರ. ವಹಿ ತುಂಬಿತು, ತಲಿ ಖಾಲಿ ಆತು.

ಐದನೇ ದಿನ ಫೋನ್ ಎತ್ತಿದಾಕಿ ಆಯಿ ಸೊಸಿ. "ಅತ್ತಿ ಕಣ್ಣಿಗೆ ಕತ್ತಲಿ ಬಂದು ಗ್ವಾಡಿಗೆ ಆನಕೊಂಡು ಕುಂತಾಳ್ರಿ, ಲಗೂನ ಬರ್ರಿ!"

ಗಂಡ ಹೆಂಡತಿ ಗ್ಲುಕೋಸ್ ಪಾಕೀಟ ಹಿಡಕೊಂಡು ಓಡಿದ್ರು. ಅರುಣಕುಮಾರ ನೀರಾಗ ಕಲಸಿ ಆಯಿಗೆ ಕುಡಿಸಿದ. ನಾ ಕೊಟ್ಟ ಗುಳಿಗಿ ಈ ಜೀವಾ ತಗೀತಲ್ಲಪ್ಪಾ ಅಂತ ಅವಗ ಅಳೂನ ಬಂತು. ಹತ್ತು ನಿಮಿಷಕ್ಕ ಆಯಿ ಮಾರಿ ಮ್ಯಾಲೆ ಕಳಿ ಬಂತು.

ಬಾಜೂಕ ಮುಚ್ಚಿಟ್ಟ ಗಂಗಾಳ ಸಂಘಮಿತ್ರಾ ತಗದು ನೋಡಿದ್ಲು. ರೊಟ್ಟಿ, ಪಲ್ಯ ಹಂಗ ಇದ್ದವು. "ಎಂಟಕ್ಕ ಗುಳಿಗಿ ನುಂಗೀದಿ, ಹನ್ನೊಂದಾದ್ರೂ ಯಾಕ ಉಂಡಿಲ್ಲ ಆಯಿ?"

"ಡಾಕ್ಟರ್ರ ಫೋನ್ ಬರೂದಿತ್ತಲ್ಲವಾ," ಅಂದ್ಲು ಆಯಿ. "ಅಂಥಾವ್ರ ಕೂಡ ಬಾಯಾಗ ತುತ್ತ ಇಟ್ಕೊಂಡು ಮಾತಾಡೂದು ಮರ್ಯಾದಿ ಏನು? ಅವ್ರ ಮಾತ ಮುಗಿದ ಮ್ಯಾಲೆ ಉಣತೇನಿ."

ವಾಪಸ್ ಅಂಗಡಿಗೆ ಬಂದು ಸಂಘಮಿತ್ರಾ ವಹಿ ತಗದ್ಲು. "'ಯಾವುದರಿಂದ ತ್ರಾಸ' ಅನ್ನೂ ಕಾಲಂ ಐದ ದಿನದಿಂದ ಖಾಲಿ ಐತಲ್ರಿ?"

ಅರುಣಕುಮಾರ ಪೆನ್ನ ತಗೊಂಡು ತನ್ನ ಹೆಸರ ಬರದ.

"ಡೋಸು?" ಅಂದ್ಲು ಆಕಿ.

"ದಿನಕ್ಕ ಒಂದು," ಅಂದ ಅವ. "ಊಟ ಆದ ಮ್ಯಾಲೆ."