ಸವದತ್ತಿಯಿಂದ ಬಂದ ಗಣಿತದ ಗಂಟು

ಗಣಿತದಲ್ಲಿ ಹಿಂದೆ ಬಿದ್ದವರಿಗೆ ಕಲಿಸುವವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ಹುಡುಗರಿಗಿಂತ ಮೊದಲೇ ತರಗತಿಗೆ ಬಂದು ಕುಳಿತಿರುತ್ತವೆ. ತೊಂಬತ್ತರ ದಶಕದಲ್ಲಿ ಬೈಲಹೊಂಗಲದ ಕಾಲೇಜೊಂದರಲ್ಲಿ, ಬಿ.ಕಾಂ. ಗಣಿತದಲ್ಲಿ ನಪಾಸಾದ ಹತ್ತು ಹುಡುಗಿಯರಿಗೆ ನಾನು ಬೆಳಗಿನ ವಿಶೇಷ ತರಗತಿ ನಡೆಸುತ್ತಿದ್ದೆ. ಮರುಪರೀಕ್ಷೆಯಲ್ಲೂ ಅವರು ಪಾಸಾಗದಿದ್ದರೆ ತರಗತಿ ಬಂದ್ ಎಂದು ಪ್ರಾಚಾರ್ಯರು ಹೇಳಿಬಿಟ್ಟಿದ್ದರು. ಆದ್ದರಿಂದ ಕಿತ್ತೂರು, ಸವದತ್ತಿ, ರಾಮದುರ್ಗಗಳ ಗಣಿತ ಅಧ್ಯಾಪಕರೊಂದಿಗೆ ಒಪ್ಪಂದ ಮಾಡಿಕೊಂಡೆ: ಯಾರ ಉಪಾಯ ಫಲಿಸುತ್ತದೆಯೋ ಅವರು ಅದನ್ನು ಉಳಿದವರಿಗೂ ಕಳಿಸಬೇಕು.

೧. ರೊಟ್ಟಿ

ಭಿನ್ನರಾಶಿಗೆ ರೊಟ್ಟಿಯೇ ಸಾಕು ಎಂದು ಕಿತ್ತೂರಿನ ಮೇಡಂ ಬರೆದರು. ಒಂದು ರೊಟ್ಟಿಯ ಅರ್ಧ, ಇನ್ನೊಂದರ ಮುಕ್ಕಾಲು ಹಿಡಿದು, ಯಾವುದು ದೊಡ್ಡದೆಂದು ಕೇಳಿದೆ. ಹಿಂದಿನ ಬೆಂಚಿನವಳು ಎದ್ದು ನಿಂತಳು.

"ಯಾರ ಮನಿ ರೊಟ್ಟಿರಿ ಮೇಡಂ? ನಮ್ಮವ್ವ ಬಡದದ್ದರ ಅರ್ಧಾನ ನಿಮ್ಮ ಮುಕ್ಕಾಲಕ್ಕಿಂತ ದೊಡ್ಡದಿರತೈತಿ."

ಆಕ್ಷೇಪ ನ್ಯಾಯವಾಗಿತ್ತು. ಎರಡೂ ರೊಟ್ಟಿಗಳು ಒಂದೇ ಅಳತೆಯವಾಗಿರತಕ್ಕದ್ದು ಎಂಬ ತಿದ್ದುಪಡಿಯನ್ನು ಕಿತ್ತೂರಿಗೆ ಕಳಿಸಿದೆ.

೨. ಬಸ್ಸು

ಋಣಸಂಖ್ಯೆಗೆ ಬಸ್ಸಿನ ಲೆಕ್ಕ ಹೇಳಿರೆಂದು ರಾಮದುರ್ಗದ ಸರ್ ಸೂಚಿಸಿದರು. ಬಸ್ಸಿನಲ್ಲಿ ಐದು ಜನರಿದ್ದರು, ಎಂಟು ಜನ ಇಳಿದರು, ಉಳಿದವರೆಷ್ಟು? ಮೈನಸ್ ಮೂರು ಎಂಬ ಉತ್ತರಕ್ಕಾಗಿ ಕಾದೆ.

"ಬಸ್ ಖಾಲಿರಿ," ಎಂದಳು ಮನೋಳಿಯಿಂದ ಬರುವ ಹುಡುಗಿ. "ಮೂರು ಮಂದಿ ಟಾಪ್ ಮ್ಯಾಲಿದ್ರರಿ."

ಉಳಿದ ಒಂಬತ್ತು ಜನರೂ ತಲೆಯಾಡಿಸಿದರು. ನಾನೂ ಅದೇ ಬಸ್ಸಿನಲ್ಲಿ ಓಡಾಡುವವಳು, ಸರಿಯೆಂದು ಒಪ್ಪಿಕೊಂಡೆ.

೩. ಗಂಟು

ಅಷ್ಟರಲ್ಲಿ ಸವದತ್ತಿಯ ಕಾಲೇಜಿನಲ್ಲಿ ಮರುಪರೀಕ್ಷೆ ನಮಗಿಂತ ಮೊದಲೇ ನಡೆದು, ನಪಾಸಾಗಿದ್ದವರೆಲ್ಲರೂ ಪಾಸಾದರೆಂಬ ಸುದ್ದಿ ಬಂತು. ರಾಮದುರ್ಗದ ಸರ್ ಕಳಿಸಿದ್ದ ಅಭ್ಯಾಸದ ಹಾಳೆಗಳ ಗಂಟೇ ಅದಕ್ಕೆ ಕಾರಣವಂತೆ. ನನಗೆ ನಂಬಿಕೆ ಬರಲಿಲ್ಲ. ಆದರೆ ನಮ್ಮ ಮರುಪರೀಕ್ಷೆಗೆ ಒಂದೇ ತಿಂಗಳಿತ್ತು, ಗಂಟನ್ನು ತರಿಸಿಕೊಂಡೆ. ಗಂಟಿನ ಮೇಲೆ ಕುಂಕುಮವಿತ್ತು. ರಾಮದುರ್ಗದವರು ದಬ್ಬಣದಿಂದ ಹಾಕಿದ್ದ ಹೊಲಿಗೆ ಹಾಗೆಯೇ ಇತ್ತು. ಸವದತ್ತಿಯ ಮೇಡಂಗೆ ಫೋನ್ ಮಾಡಿ ಗಂಟು ಬಿಚ್ಚಲಿಲ್ಲವೇ ಎಂದು ಕೇಳಿದೆ.

"ಒಂದ್ ಹಾಳಿ ಕಳದ್ರ ರಾಮದುರ್ಗದವರಿಗೆ ಏನ್ ಹೇಳೂದ್ರಿ? ಕಪಾಟಿನ್ಯಾಗ ಇಟ್ಟು ದಸರಾದಾಗ ಖಂಡೇಪೂಜಿ ದಿನ ಪೂಜಿ ಮಾಡೇವ್ರಿ. ಪಾಠ ನಾನ ಬೋರ್ಡಿನ ಮ್ಯಾಲ ಮಾಡಿದ್ನಿ."

ನಾನು ಕತ್ತರಿ ತಂದು ಹೊಲಿಗೆ ಕತ್ತರಿಸಿದೆ. ಹುಡುಗಿಯರು ಒಂದು ತಿಂಗಳು ಆ ಹಾಳೆಗಳ ಲೆಕ್ಕಗಳನ್ನು ಬಿಡಿಸಿದರು. ರಾಮದುರ್ಗದ ಸರ್ ಕೊಟ್ಟ ಉತ್ತರಗಳಲ್ಲಿ ಎರಡು ತಪ್ಪನ್ನೂ ಹಿಡಿದರು. ಹತ್ತಕ್ಕೆ ಹತ್ತೂ ಜನ ಪಾಸಾದರು, ತರಗತಿ ಉಳಿಯಿತು.

ಮರುದಿನವೇ ಕಿತ್ತೂರಿನ ಮೇಡಂ ಫೋನಿನಲ್ಲಿ ಗಂಟು ಕೇಳಿದರು. ಧಾರಾಳವಾಗಿ ಕಳಿಸುತ್ತೇನೆ, ಹಾಳೆಗಳನ್ನು ಬಿಚ್ಚಿ ಕ್ರಮವಾಗಿ ಜೋಡಿಸಿಟ್ಟಿದ್ದೇನೆ ಎಂದೆ.

"ಬಿಚ್ಚೀರೇನ್ರಿ?" ಎಂದರು, ನೊಂದ ದನಿಯಲ್ಲಿ. "ಹಂಗಾದ್ರ ಇರಲಿ ಬಿಡ್ರಿ."