ಎಡದಿಂದ ಎರಡನೆಯವಳು

ಎಂಟು ದಿನ ಮೊದಲೇ ಜೇನುಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿ ನೋಡಿದ್ದರೆ ಇಚಿಲಂಪಾಡಿಯ ತೀರ್ಥರಾಮನ ಮುಖ ಅವತ್ತು ಹಲಸಿನಕಾಯಿಯ ಹಾಗೆ ಆಗುತ್ತಿರಲಿಲ್ಲ. ಧನು ತಿಂಗಳಲ್ಲಿ ಪೆಟ್ಟಿಗೆಯೊಳಗೆ ಹೊಸ ರಾಣಿಹುಳದ ಗೂಡು ಕಂಡರೆ ಕೂಡಲೇ ಚಿವುಟಿ ತೆಗೆಯಬೇಕು, ಇಲ್ಲದಿದ್ದರೆ ಜೇನಿನ ಅರ್ಧ ಸಂಸಾರ ಪಾಲಾಗಿ ಹಾರಿಹೋಗುತ್ತದೆ. ಇದು ಅವನಿಗೆ ಗೊತ್ತಿಲ್ಲದ್ದಲ್ಲ. ಹೆಂಡತಿ ಸೇವಂತಿಯೂ ನೆನಪು ಮಾಡಿದ್ದಳು. "ನಾಳೆ ನೋಡುವಾ" ಎಂದಿದ್ದ. ಮರುದಿನವೂ ಅದನ್ನೇ ಎಂದಿದ್ದ.

ಈ 'ನೋಡುವಾ' ಜೇನಿಗೆ ಮಾತ್ರ ಇದ್ದದ್ದಲ್ಲ. ಮಗಳು ಮೋಕ್ಷಿತಾ ಒಂದನೇ ಕ್ಲಾಸಿನಿಂದ ಶಾಲೆಯ ವಾರ್ಷಿಕೋತ್ಸವದಲ್ಲಿ ಕುಣಿಯುತ್ತಿದ್ದಳು. ಅಪ್ಪ ಒಂದು ಸಲವೂ ನೋಡಿಲ್ಲ. ಒಂದು ವರ್ಷ ದನ ಕರು ಹಾಕಿತು. ಒಂದು ವರ್ಷ ಪಂಪು ಸುಟ್ಟಿತು. ಮತ್ತೊಂದು ವರ್ಷ, ತಿಂಗಳಿಂದ ಕರೆದರೂ ಬಾರದ ಕಾಳುಮೆಣಸು ಕೊಯ್ಯುವವರು ಸರಿಯಾಗಿ ಅದೇ ಬೆಳಿಗ್ಗೆ ಏಣಿ ಹೊತ್ತು ಬಂದರು. ಪ್ರತಿ ಸಲವೂ "ಮುಂದಿನ ವರ್ಷ ನೋಡುವಾ ಮಗಾ." ಈಗ ಅವಳು ಏಳನೇ ಕ್ಲಾಸು. ಆ ಶಾಲೆಯಲ್ಲಿ ಎಂಟನೇ ಕ್ಲಾಸು ಇಲ್ಲ.

"ಅಪ್ಪ, ಹತ್ತೂವರೆಗೆ ಶುರು. ನೀಲಿ ಲಂಗ, ಎಡದಿಂದ ಎರಡನೆಯವಳು ನಾನು. ನೆನಪುಂಟಲ್ಲ?" ದರ್ಬೆ ಪೇಟೆಯಿಂದ ಬಾಡಿಗೆಗೆ ತಂದ ಗೆಜ್ಜೆಯನ್ನು ಬೆಳಿಗ್ಗೆಯೇ ಕಟ್ಟಿಕೊಂಡು ಮನೆಯಿಡೀ ಝಣಝಣ ಮಾಡುತ್ತಿದ್ದಳು.

"ಭೂಮಿ ಅಡಿಮೇಲಾದ್ರೂ ಬರ್ತೇನೆ."

"ಭೂಮಿ ಅಲ್ಲೇ ಇರ್ಲಿ, ನೀವು ಬಂದ್ರೆ ಸಾಕು" ಎಂದ ಸೇವಂತಿ, ಮಕ್ಕಳಿಗೆ ಬಣ್ಣ ಹಚ್ಚಲಿಕ್ಕೆಂದು ಮಗಳ ಜೊತೆ ಮೊದಲೇ ಹೊರಟುಹೋದಳು.

ಒಂಬತ್ತೂವರೆಗೆ ತೀರ್ಥರಾಮ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಅಂಗಳಕ್ಕಿಳಿದ. ಅದೇ ಹೊತ್ತಿಗೆ ಜೇನೂ ಹೊರಟಿತು. ಗುಂಯ್ಯೆಂದು ಎದ್ದು, ಅಂಗಳಕ್ಕೆ ಎರಡು ಸುತ್ತು ಬಂದು, ಕೊಕ್ಕೋ ಗಿಡದ ತಗ್ಗಿನ ಕೊಂಬೆಯಲ್ಲಿ ಗಡ್ಡದ ಹಾಗೆ ಜೋತುಬಿದ್ದಿತು. ಕೈಗೆಟಕುವಷ್ಟೇ ಎತ್ತರ. ಐದು ನಿಮಿಷದ ಕೆಲಸ ಅಂದುಕೊಂಡ.

ಬೇಲಿಯಾಚೆಯಿಂದ ಡೊಂಬಯ್ಯನ ತಲೆ ಮೇಲೆ ಬಂತು. ಕೇಳದೆಯೇ ಸಲಹೆ ಕೊಡುವುದರಲ್ಲಿ ಈ ನೆರೆಮನೆಯ ಮುದುಕನಿಗೆ ಜೋಡಿಯಿರಲಿಲ್ಲ.

"ಬಟ್ಟಲು ಬಡಿ ಮಾರಾಯ! ಶಬ್ದ ಕೇಳಿದ್ರೆ ಕೂತ್ಕೊಳ್ತವೆ."

"ಕೂತೇ ಉಂಟಲ್ಲ ಡೊಂಬಯ್ಯಣ್ಣ."

"ಇನ್ನೂ ಗಟ್ಟಿ ಕೂತ್ಕೊಳ್ತವೆ!"

ಎಂದವನೇ ಬೇಲಿ ದಾಟಿ ಬಂದು, ದನದ ಹಿಂಡಿಯ ಡಬ್ಬಿಯನ್ನು ತಾನೇ ಬಡಿದ. ಜೇನು ಎದ್ದು ಕೆಳಗಿನ ಮನೆಯ ಕುಂಞಿಪಾತುಮ್ಮನ ಬಟ್ಟೆ ಒಣಗಿಸುವ ಹಗ್ಗಕ್ಕೆ ಹೋಗಿ ಕುಳಿತಿತು.

"ಹೋಗುದು ಹೋಗ್ಲಿ, ಬಿಡು ತೀರ್ಥಾ" ಎಂದಳು ಕುಂಞಿಪಾತುಮ್ಮ. "ಇವತ್ತು ಮಗಳ ಡ್ಯಾನ್ಸಲ್ವಾ? ಜೇನು ಇನ್ನೊಂದು ಸಿಕ್ತದೆ."

ಆ ದಿನ ಯಾರಾದರೂ ಆಡಿದ ಬುದ್ಧಿಯ ಮಾತು ಅದೊಂದೇ. ತೀರ್ಥರಾಮ ಗಡಿಯಾರ ನೋಡಿಕೊಂಡ. "ಐದೇ ನಿಮಿಷ" ಎಂದ. ಅಷ್ಟರೊಳಗೆ ಡೊಂಬಯ್ಯ, ರೆಕ್ಕೆ ಒದ್ದೆಯಾದರೆ ಹಾರುವುದಿಲ್ಲವೆಂದು ಅವಳ ಪೈಪು ಹಿಡಿದು ನೀರು ಬಿಟ್ಟೇಬಿಟ್ಟಿದ್ದ. ಒದ್ದೆಯಾದದ್ದು ಕುಂಞಿಪಾತುಮ್ಮ. ಜೇನು ಮೇಲೆದ್ದು ಗುಡ್ಡದ ಕೆಳಗಿನ ಶಾಲೆಯ ಕಡೆಗೆ ಹಾರಿತು.

ತೀರ್ಥರಾಮನಿಗೆ ದೇವರೇ ದಾರಿ ತೋರಿಸಿದ ಹಾಗೆ ಆಯಿತು. ಜೇನೂ ಅಲ್ಲಿಗೇ, ತಾನೂ ಅಲ್ಲಿಗೇ! ಖಾಲಿ ಪೆಟ್ಟಿಗೆಯೊಂದನ್ನು ತಲೆಯ ಮೇಲಿಟ್ಟು ಓಡಿದ. ಹಿಂದಿನಿಂದ ಡೊಂಬಯ್ಯ.

ಶಾಲೆಯ ಅಂಗಳದಲ್ಲಿ ಅಪ್ಪ ಅಮ್ಮಂದಿರು ಪ್ಲಾಸ್ಟಿಕ್ ಕುರ್ಚಿಗಳನ್ನು ತಲೆಗೆ ಕವುಚಿಕೊಂಡು ನಿಂತಿದ್ದರು. ಮಕ್ಕಳನ್ನೆಲ್ಲ ಕ್ಲಾಸಿನೊಳಗೆ ಹಾಕಿ ಬಾಗಿಲು ಮುಚ್ಚಿದ್ದರು. ಜೇನು ವೇದಿಕೆಯ ಪಕ್ಕದ ಕಂಬದ ಮೇಲಿನ ಮೈಕಿನ ಹಾರ್ನಿನೊಳಗೆ ಸೇರಿಕೊಂಡಿತ್ತು.

"ಯಾರದ್ದಿದು ಜೇನು?" ಎಂದು ಹೆಡ್‌ಮಾಸ್ಟ್ರು ಕಿರುಚಿದರು. ಎಲ್ಲರೂ ತೀರ್ಥರಾಮನ ತಲೆಯ ಮೇಲಿದ್ದ ಪೆಟ್ಟಿಗೆಯನ್ನು ನೋಡಿದರು.

ಏಣಿ ಹತ್ತಿದ. ಬೊಗಸೆ ಬೊಗಸೆಯಾಗಿ, ಹೂ ಕೊಯ್ದಷ್ಟು ಮೆಲ್ಲಗೆ ಜೇನನ್ನು ಪೆಟ್ಟಿಗೆಗೆ ತುಂಬಿಸಿದ. ಇನ್ನು ರಾಣಿಯೊಂದು ಸಿಕ್ಕಿದರೆ ಮುಗಿಯಿತು ಎಂದು ಹಾರ್ನಿನೊಳಗೆ ಮುಖವಿಟ್ಟು ಹುಡುಕುತ್ತಿದ್ದಾಗ, ಹೆಡ್‌ಮಾಸ್ಟ್ರು ಜನರಿಗೆ ಧೈರ್ಯ ಹೇಳಲಿಕ್ಕೆಂದು ಮೈಕು ಹಿಡಿದರು.

"ಪೋಷಕರು ಯಾರೂ ಗಾಬರಿಪಡಬಾರದು!"

ಮಾತು ಹಾರ್ನಿನಿಂದ ಹೊರಗೆ ಬಂತು. ಮಾತಿನ ಜೊತೆಗೆ ಒಳಗಿದ್ದವೂ ಬಂದವು.

ರಾಣಿ ಸಿಕ್ಕಿ, ಪೆಟ್ಟಿಗೆಯ ಮುಚ್ಚಳ ಬೀಳುವಾಗ ಹನ್ನೆರಡು ಗಂಟೆ. ತೀರ್ಥರಾಮನ ಎರಡೂ ಕಣ್ಣು ಕಡುಬಿನ ಹಾಗೆ ಉಬ್ಬಿ ಮುಚ್ಚಿಹೋಗಿದ್ದವು. "ಆಸ್ಪತ್ರೆಗೆ ಹೋಗುವಾ" ಎಂದು ಯಾರೋ ಕೈಹಿಡಿದು ಎಳೆದರು.

"ಆಸ್ಪತ್ರೆ ಆಮೇಲೆ ನೋಡುವಾ. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ."

ಕೂರಿಸಿದರು. ಕುರ್ಚಿಯ ಅಡಿಯಲ್ಲಿ ಪೆಟ್ಟಿಗೆ, ಪಕ್ಕದಲ್ಲಿ ಡೊಂಬಯ್ಯ. ಕಾರ್ಯಕ್ರಮ ಆಗಷ್ಟೇ ಶುರುವಾಯಿತು.

"ಡೊಂಬಯ್ಯಣ್ಣ, ನನಗೆ ಎಂತದೂ ಕಾಣುದಿಲ್ಲ. ನೀವು ನೋಡಿ ಹೇಳ್ಬೇಕು. ನೀಲಿ ಲಂಗ, ಎಡದಿಂದ ಎರಡನೆಯವಳು."

ಎರಡು ಹಾಡು, ಒಂದು ಭಾಷಣ ಕಳೆಯಿತು. ಆಮೇಲೆ ಗೆಜ್ಜೆಯ ಸದ್ದು.

"ಬಂದ್ರು ಬಂದ್ರು! ನೀಲಿಯೇ. ಅಗೋ ಎರಡನೆಯವಳು! ಎಂತ ತಿರುಗುದು ಮಾರಾಯ, ಬುಗುರಿ!"

"ನಗ್ತಾಳಾ?"

"ನಗ್ತಾಳೆ. ನಿನ್ನನ್ನೇ ನೋಡಿ ನಗುದು."

ತೀರ್ಥರಾಮ ಕತ್ತಲೆಯ ಕಡೆಗೆ ಮುಖವೆತ್ತಿ ತಾನೂ ನಕ್ಕ. ಅಂಗೈ ಕೆಂಪಾಗುವವರೆಗೆ ಚಪ್ಪಾಳೆ ಹೊಡೆದ. ಮುಚ್ಚಿದ ರೆಪ್ಪೆಗಳ ಎಡೆಯಿಂದ ನೀರು ಇಳಿಯಿತು. ನೋಡಿದವರು ಜೇನಿನ ವಿಷ ಎಂದುಕೊಂಡರು.

ಎಲ್ಲ ಮುಗಿದು ಜನರು ಊಟಕ್ಕೆ ಏಳುವಾಗ ಒಂಟಿ ಗೆಜ್ಜೆಯ ಸದ್ದು ನಿಧಾನವಾಗಿ ಬಂದು ಅವನೆದುರು ನಿಂತಿತು.

"ನೋಡಿದೆ ಮಗಾ!" ಅವಳು ಬಾಯಿ ತೆರೆಯುವ ಮೊದಲೇ ತೀರ್ಥರಾಮ ಹೇಳಿದ. "ಪೂರ್ತಿ ನೋಡಿದೆ. ಎಂತ ತಿರುಗುದು ನೀನು, ಬುಗುರಿಯ ಹಾಗೆ! ನನ್ನನ್ನು ನೋಡಿ ನಕ್ಕದ್ದೂ ಗೊತ್ತಾಯ್ತು."

ಗೆಜ್ಜೆ ಅಲುಗಲಿಲ್ಲ.

"ಅಪ್ಪ, ಅವ್ರು ಆರನೇ ಕ್ಲಾಸಿನವ್ರು. ಅವ್ರದ್ದು ಹಸಿರು ಲಂಗ." ಮೋಕ್ಷಿತಾ ಹೇಳಿದಳು, "ಜೇನು ಹಿಡಿಯುವಾಗ ಹೊತ್ತಾಯ್ತಲ್ಲ. ಊಟಕ್ಕೆ ತಡ ಆಗ್ತದೆ ಅಂತ ಕೊನೆಯ ಎರಡು ಡ್ಯಾನ್ಸ್ ಬಿಟ್ರು. ಅದ್ರಲ್ಲಿ ನಮ್ಮದೂ ಉಂಟು."

"ನನ್ನ ಕಣ್ಣಿಗೆ ಪೊರೆ ಬಂದಿದೆಯಲ್ಲ" ಎಂದು ಡೊಂಬಯ್ಯ ಗೊಣಗಿದ. "ಹಸಿರೂ ನೀಲಿಯೂ ನನಗೆ ಒಂದೇ."

ಮೋಕ್ಷಿತಾ ಅಪ್ಪನೆದುರು ಕುಳಿತು, ರೆಪ್ಪೆಯಲ್ಲಿ ಉಳಿದಿದ್ದ ಮುಳ್ಳುಗಳನ್ನು ಉಗುರಿನಿಂದ ಒಂದೊಂದಾಗಿ ಕೆರೆದು ತೆಗೆಯತೊಡಗಿದಳು. ಅವಳ ಬೆರಳಿಗೆ ಹಚ್ಚಿದ್ದ ಬಣ್ಣದ ವಾಸನೆ ಬರುತ್ತಿತ್ತು.

"ನೋವಾಗ್ತದಾ?"

"ಇಲ್ಲ."

"ಬೇಜಾರು ಮಾಡ್ಬೇಡಿ ಅಪ್ಪ." ಅವಳ ದನಿಯಲ್ಲಿ ಚುಚ್ಚುವ ಕೊಂಕು ಒಂದಿಷ್ಟೂ ಇರಲಿಲ್ಲ. "ಮುಂದಿನ ವರ್ಷ ನೋಡುವಾ."

ಕುರ್ಚಿಯ ಅಡಿಯ ಪೆಟ್ಟಿಗೆಯಲ್ಲಿ ಜೇನು ಸುಖವಾಗಿ ಗುಂಯ್‌ಗುಡುತ್ತಿತ್ತು.